ಸಕ್ಕರೆಗೊಬ್ಬ ಸಾಕ್ಷಿ

ಹನ್ನೊಂದು ವರ್ಷ ಒಂದೇ ಸೂರಿನಡಿ ದುಡಿದರೂ ಇಸ್ತ್ರಿಯಕ್ಕ ಮತ್ತು ಹೊಗೆರಾಯ ಪರಸ್ಪರ ಒಂದು ಮಾತೂ ಆಡಿರಲಿಲ್ಲ.

ಅದು ದೊಡ್ಡ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗ. ವಾರ್ಡುಗಳಿಂದ ಗಂಟುಗಂಟಾಗಿ ಬರುವ ಹಾಸಿಗೆ ಬಟ್ಟೆ, ದಿಂಬಿನ ಚೀಲ, ಆಪರೇಷನ್ ಕೋಣೆಯ ಹಸಿರು ನಿಲುವಂಗಿ ಎಲ್ಲವೂ ಅಲ್ಲಿ ಒಗೆದು, ಒಣಗಿ, ಮಡಿಕೆಯಾಗಿ ವಾಪಸು ಹೋಗುತ್ತಿದ್ದವು. ಅವಳು ದೊಡ್ಡ ಉರುಳೆಯ ಇಸ್ತ್ರಿ ಯಂತ್ರದ ಮುಂದೆ. ಅವನು ಗೋಡೆಯಾಚೆ ಬಾಯ್ಲರ್ ಕೋಣೆಯಲ್ಲಿ. ಯಂತ್ರಕ್ಕೆ ಉಗಿ ಬರುತ್ತಿದ್ದದ್ದು ಅವನ ಬಾಯ್ಲರಿನಿಂದಲೇ. ಉಗಿ ಸಾಲದಿದ್ದರೆ ಅವಳು ಸ್ಪ್ಯಾನರ್ ಎತ್ತಿ ಕೊಳವೆಗೆ ಎರಡು ಏಟು ಹಾಕುತ್ತಿದ್ದಳು, ಹೆಚ್ಚಾದರೆ ಒಂದು. ಅವನು ಸರಿಮಾಡುತ್ತಿದ್ದ. ಬೈಯಬೇಕೆನಿಸಿದ ದಿನ ಏಟು ಸ್ವಲ್ಪ ಜೋರಾಗಿ ಬೀಳುತ್ತಿತ್ತು, ಅಷ್ಟೇ.

ಹಗೆಗೆ ಕಾರಣ ಎಲ್ಲರಿಗೂ ಗೊತ್ತಿತ್ತು. ಹನ್ನೊಂದು ವರ್ಷದ ಹಿಂದೆ ಅವಳು ಇಸ್ತ್ರಿ ಸಾಲಿಗೆ ಮೇಸ್ತ್ರಿಯಾಗಿದ್ದಳು. ಒಂದು ಮಧ್ಯಾಹ್ನ ಅವಳು ಬಟ್ಟೆಯ ರಾಶಿಗೆ ಒರಗಿ ಕಣ್ಣು ಮುಚ್ಚಿದ್ದಳು. ಹಾಸಿಗೆ ಬಟ್ಟೆಗಳು ಉರುಳೆಗೆ ಒಂದರ ಮೇಲೊಂದು ಸುತ್ತಿಕೊಂಡು ಕರಕಲಾಗಿದ್ದವು. ಸುಟ್ಟ ವಾಸನೆಗೆ ಓಡಿಬಂದ ಹೊಗೆರಾಯ ಉಗಿ ನಿಲ್ಲಿಸಿ, ನೇರ ಆಫೀಸಿಗೆ ಹೋಗಿ, "ಮೇಸ್ತ್ರಿ ಮಲ್ಕೊಂಡಿದ್ಲು, ನಾನೇ ನೋಡ್ದೆ" ಎಂದ. ಮಾರನೇ ದಿನ ಅವಳ ಮೇಸ್ತ್ರಿತನ ಹೋಯಿತು. ಹೊಸದಾಗಿ ಸೇರಿದ ಹುಡುಗಿಯರು ಬೆನ್ನ ಹಿಂದೆ ಅವಳನ್ನು ನಿದ್ದೆಯಮ್ಮ ಎನ್ನತೊಡಗಿದರು. ಅಲ್ಲಿಯವರೆಗೆ ಅವನನ್ನು ಬಾಯಿತುಂಬ ಅಣ್ಣ ಎನ್ನುತ್ತಿದ್ದವಳು ಅಂದಿನಿಂದ ಬಾಯಿಗೆ ಬೀಗ ಹಾಕಿದಳು. ಹೊಗೆರಾಯ ಎಂಬ ಹೆಸರು ಹುಟ್ಟಿದ್ದೂ ಅವಳ ಬಾಯಲ್ಲೇ. ಅವನ ಬಾಯ್ಲರ್ ಬಿಡುವುದಕ್ಕಿಂತ ಹೆಚ್ಚು ಹೊಗೆಯನ್ನು ಅವನೇ ಬಿಡುತ್ತಿದ್ದುದರಿಂದ ಆ ಹೆಸರು ಗೋಂದು ಹಚ್ಚಿದಂತೆ ಅಂಟಿಕೊಂಡಿತು.

ಆ ವರ್ಷ ಜನವರಿ ಎರಡರಂದು ಹೊಸ ಮೇಡಂ ಎಲ್ಲರನ್ನೂ ಮಡಿಕೆ ಮೇಜಿನ ಸುತ್ತ ಸೇರಿಸಿದರು. ವಿಭಾಗಕ್ಕೆ ಬಂದು ತಿಂಗಳೂ ಆಗಿರದ, ಉತ್ಸಾಹ ಇನ್ನೂ ಆರದ ಹೆಂಗಸು. ಎಲ್ಲರ ಕೈಗೂ ಒಂದೊಂದು ಹಳದಿ ಕಾರ್ಡು ಕೊಟ್ಟರು.

"ಹೊಸ ವರ್ಷಕ್ಕೆ ಒಂದು ಸಂಕಲ್ಪ ಬರೀರಿ. ಸುಮ್ನೆ ಬರೆದು ಮರೆಯೋದಲ್ಲ. ಪ್ರತಿಯೊಬ್ರಿಗೂ ಒಬ್ಬರು ಸಾಕ್ಷಿ ಇರ್ತಾರೆ, ಜೋಡಿಯಲ್ಲಿ ಒಬ್ರಿಗೊಬ್ರು. ದಿನಾ ನೋಡಿ, ಮಾಡಿದ್ರೆ ಸಹಿ ಹಾಕ್ಬೇಕು, ಮಾಡದಿದ್ರೆ ‘ಇಲ್ಲ’ ಅಂತ ಬರೀಬೇಕು."

ಇಸ್ತ್ರಿಯಕ್ಕ ಯೋಚಿಸಬೇಕಾದ್ದೇನೂ ಇರಲಿಲ್ಲ. ಈಗ ಎಲ್ಲರಿಗೂ ಗೊತ್ತಿದ್ದ ಸಕ್ಕರೆ ಕಾಯಿಲೆ ಅವಳ ಕಾಲಿನ ಹೆಬ್ಬೆರಳಿಗೆ ಇಳಿದಿತ್ತು. ಸೂಜಿ ಚುಚ್ಚಿದರೂ ಗೊತ್ತಾಗುತ್ತಿರಲಿಲ್ಲ. ಸಿಹಿ ಬಿಡುವ ಸಂಕಲ್ಪವನ್ನು ಅವಳು ಏಳು ವರ್ಷ ಮಾಡಿದ್ದಳು, ಏಳೂ ಸಲ ಐದನೇ ತಾರೀಖಿನೊಳಗೆ ಮುರಿದಿದ್ದಳು. ಬರೆದಳು: ಸಿಹಿ ಮುಟ್ಟುವುದಿಲ್ಲ, ದಿನಾ ಮಧ್ಯಾಹ್ನ ಅಂಗಳಕ್ಕೆ ಹತ್ತು ಸುತ್ತು.

ಸಾಕ್ಷಿಗಳ ಚೀಟಿಗಳು ಒಂದು ದಿಂಬಿನ ಚೀಲದಲ್ಲಿದ್ದವು. ಅವಳು ಕೈ ಹಾಕಿ ತೆಗೆದ ಚೀಟಿಯನ್ನು ಮೇಡಂ ಗಟ್ಟಿಯಾಗಿ ಓದಿದರು. "ಬಾಯ್ಲರ್ ಆಪರೇಟರ್!"

ಹರಿದ ಬಟ್ಟೆಗೆ ತೇಪೆ ಹಾಕುವ ಹೊಲಿಗೆಯವಳು ಸೆರಗಿನೊಳಗೆ ಕಿಸಕ್ಕೆಂದಳು.

"ಮೇಡಂ, ಬೇರೆ ಚೀಟಿ ತೆಗೀತೀನಿ," ಎಂದಳು ಇಸ್ತ್ರಿಯಕ್ಕ.

"ಯಾಕೆ?"

"ಅವನ ಮುಖ ನೋಡಿದ್ರೆ ನಂಗೆ ಊಟ ಸೇರಲ್ಲ."

"ಒಳ್ಳೇದಾಯ್ತಲ್ಲ, ಸಿಹಿಯೂ ಸೇರಲ್ಲ," ಎಂದ ಹೊಗೆರಾಯ. ಹನ್ನೊಂದು ವರ್ಷದಲ್ಲಿ ಅವಳ ಕಿವಿಗೆಂದೇ ಅವನು ಆಡಿದ ಮೊದಲ ಮಾತು ಅದು. ತನ್ನ ಕಾರ್ಡನ್ನು ಅವಳ ಮುಂದಕ್ಕೆ ತಳ್ಳಿದ. ಅದರಲ್ಲಿ ಎರಡೇ ಪದಗಳಿದ್ದವು: ಸಿಗರೇಟು ಬಿಡುತ್ತೇನೆ.

ಅವಳಿಗೆ ಒಳಗೊಳಗೇ ಖುಷಿಯಾಯಿತು. ಮೂವತ್ತು ವರ್ಷ ಸೇದಿದವನು ಮೂರು ದಿನ ತಡೆಯಲಾರ. ‘ಇಲ್ಲ’ ಎಂದು ಬರೆಯುವ ಸುಖಕ್ಕಾಗಿಯಾದರೂ ಸಾಕ್ಷಿಯಾಗಬೇಕು ಎನಿಸಿತು. ಅವನ ಕಣ್ಣಲ್ಲೂ ಅದೇ ಇತ್ತೆಂಬುದನ್ನು ಅವಳು ಕಂಡಳು.

ಮಾರನೇ ಬೆಳಿಗ್ಗೆ ಟೀ ಹೊತ್ತಿಗೆ ಅವನು ಒಂದು ಚಮಚ ಹಿಡಿದು ಬಂದ. ಕೇಳಲಿಲ್ಲ, ಮಾಡಲಿಲ್ಲ, ಅವಳ ಲೋಟಕ್ಕೆ ಚಮಚ ಅದ್ದಿ ನಾಲಿಗೆ ಮೇಲೆ ಇಟ್ಟುಕೊಂಡ.

"ಎಂಜಲು ಮಾಡ್ತೀಯಾ?" ಅವಳು ಲೋಟ ಕುಕ್ಕಿದಳು.

"ಸಾಕ್ಷಿ ಅಂದ್ಮೇಲೆ ರುಚಿ ನೋಡ್ಬೇಕಲ್ಲ. ಸಕ್ಕರೆ ಇಲ್ಲ. ಸಹಿ ಹಾಕ್ತೀನಿ."

"ಮೊದ್ಲು ಕೈ ತೋರ್ಸು."

ಅವನು ಬಲಗೈ ಚಾಚಿದ. ಅವಳು ಅವನ ಬೆರಳುಗಳನ್ನು ಮುಟ್ಟದೆ, ಮೂಗು ಮಾತ್ರ ಹತ್ತಿರ ಒಯ್ದು ಮೂಸಿದಳು. "ಎಡಗೈ." ಅದನ್ನೂ ಮೂಸಿದಳು. "ಬಾಯಿ ಬಿಡು. ಊದು." ಅವನು ಊದಿದ. ಮುಖ ಸಿಂಡರಿಸಿ ಸಹಿ ಹಾಕಿದಳು. ಇಷ್ಟನ್ನೂ ಕೆಲಸ ನಿಲ್ಲಿಸಿ ನೋಡುತ್ತಿದ್ದವರು ತಿರುಗಿ ಬಟ್ಟೆಗೆ ಕೈ ಹಾಕುವಷ್ಟರಲ್ಲಿ ಅವನು ಹೊರಟುಹೋಗಿದ್ದ.

ಅದು ದಿನದ ಕಟ್ಟಲೆಯಾಯಿತು. ಅವಳು ಅಂಗಳ ಸುತ್ತುವಾಗ ಅವನು ಬಾಯ್ಲರ್ ಕೋಣೆಯ ಬಾಗಿಲಲ್ಲಿ ನಿಂತು ಕಬ್ಬಿಣದ ಬಾಗಿಲ ಮೇಲೆ ಸೀಮೆಸುಣ್ಣದಿಂದ ಗೀರು ಹಾಕುತ್ತಿದ್ದ. ಒಂದು ದಿನ ಒಂಬತ್ತನೇ ಸುತ್ತಿನಲ್ಲಿ ಗಾಡಿಯೊಂದು ಅಡ್ಡಬಂದು ಅವಳು ಅರ್ಧಕ್ಕೇ ತಿರುಗಿದಳು. "ಒಂಬತ್ತೂವರೆ," ಎಂದು ಕೂಗಿದ ಅವನು. "ಕಣ್ಣು ಕಾಣಲ್ವಾ, ಗಾಡಿ ಇತ್ತು!" ಎಂದಳು. "ಗಾಡಿಗೇನು ಸಕ್ಕರೆ ಕಾಯಿಲೆ ಇಲ್ಲ. ಅರ್ಧ ಬಾಕಿ." ಹಲ್ಲು ಕಡಿಯುತ್ತಾ ಅರ್ಧ ಸುತ್ತು ಹಾಕಿದಳು. ಬರುವಾಗ ಬೇಕೆಂದೇ ಅವನ ಕೋಣೆಗೆ ನುಗ್ಗಿ, ಉಗಿಯ ಒತ್ತಡ ಬರೆಯುವ ಪುಸ್ತಕದ ಪೆಟ್ಟಿಗೆ, ನೇತುಹಾಕಿದ ಕೋಟಿನ ಜೇಬು, ಕಡೆಗೆ ಬೆಂಕಿ ನಂದಿಸುವ ಮರಳಿನ ಬಕೆಟ್ಟಿನೊಳಕ್ಕೂ ಕೈ ಹಾಕಿ ನೋಡಿದಳು. ಮರಳಿನಲ್ಲಿ ಹಳೆಯ ತುಂಡುಗಳು ಸಿಕ್ಕವು. ಒಂದೊಂದನ್ನೂ ಎತ್ತಿ ಹಿಡಿದು ಬಿಸಿ ಇದೆಯೇ ಎಂದು ಹಿಚುಕಿ ನೋಡಿದಳು. ಎಲ್ಲವೂ ತಣ್ಣಗಿದ್ದವು. ಅವಳಿಗೆ ಭಾರೀ ನಿರಾಸೆಯಾಯಿತು.

ತಿಂಗಳ ಕೊನೆಗೆ ಮೇಡಂ ಕಾರ್ಡುಗಳನ್ನು ತರಿಸಿಕೊಂಡರು. ಹೊಲಿಗೆಯವಳು ಮತ್ತು ಅವಳ ಸಾಕ್ಷಿ ಮೂವತ್ತು ಸಹಿಯನ್ನೂ ಆ ಬೆಳಿಗ್ಗೆಯೇ ಒಂದೇ ಪೆನ್ನಿನಲ್ಲಿ ಹಾಕಿ ಮುಗಿಸಿದ್ದರು. ಕೆಲವರ ಕಾರ್ಡು ಕಳೆದಿತ್ತು, ಒಬ್ಬಳದ್ದು ಜೇಬಿನಲ್ಲೇ ಉಳಿದು ಒಗೆತಕ್ಕೆ ಹೋಗಿ ಮುದ್ದೆಯಾಗಿತ್ತು. ಎರಡು ಕಾರ್ಡು ಮಾತ್ರ ಅಂಚಿನವರೆಗೂ ತುಂಬಿದ್ದವು. ಮೇಡಂ ಒಂದನ್ನು ಓದಿದರು: "ಏಳನೇ ತಾರೀಖು. ಇಲ್ಲ. ಒಂದು ಬಿಸ್ಕತ್ತು ತಿಂದಳು. ಕೇಳಿದರೆ ಉಪ್ಪು ಬಿಸ್ಕತ್ತು ಎಂದಳು. ಮಧ್ಯೆ ಕ್ರೀಮ್ ಇತ್ತು." ಇನ್ನೊಂದನ್ನು ಓದಿದರು: "ಹನ್ನೆರಡು. ಸೇದಿಲ್ಲ. ಆದರೆ ಸೇದುವವನ ಪಕ್ಕ ಹತ್ತು ನಿಮಿಷ ನಿಂತು ಮೂಗು ಅರಳಿಸಿದ. ಎಚ್ಚರಿಕೆ ಕೊಟ್ಟಿದ್ದೇನೆ."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರಿಬ್ಬರು ಮಾತ್ರ ನಗಲಿಲ್ಲ.

ಮನೆಯಲ್ಲಿ ಮಗಳು ತಲೆ ಮೇಲೆ ಕೈ ಹೊತ್ತಳು. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಅವಳು ತನ್ನ ಹುಟ್ಟುಹಬ್ಬಕ್ಕೆ ಕೇಕ್ ತಂದಿದ್ದಳು. "ಒಂದು ಚೂರು ತಿನ್ನಮ್ಮ. ಯಾರಿಗೆ ಗೊತ್ತಾಗುತ್ತೆ?"

"ಆ ಹಾಳಾದವನಿಗೆ ಗೊತ್ತಾಗುತ್ತೆ. ನಾಳೆ ಬಂದು ನೆಟ್ಟಗೆ ಮುಖ ನೋಡ್ತಾನೆ. ನಂಗೆ ಸುಳ್ಳು ಹೇಳೋಕೆ ಬರಲ್ಲ ಅಂತ ಅವನಿಗೆ ಗೊತ್ತು."

"ಏಳು ವರ್ಷದಿಂದ ನಾನು ಬೇಡ್ಕೊಂಡ್ರೂ ಬಿಡ್ಲಿಲ್ಲ. ಈಗ ಯಾರೋ ಶತ್ರು ಹೇಳಿದ್ಕೆ ಬಿಟ್ಯಾ?"

"ನೀನು ಬಿಡು ಅಂತೀಯ, ಆಮೇಲೆ ಅಯ್ಯೋ ಪಾಪ ಅಂತೀಯ. ಅವನು ಪಾಪ ಅನ್ನಲ್ಲ. ನಾನು ಸೋತ್ರೆ ಅವನ ಹೊಟ್ಟೆ ತಣ್ಣಗಾಗುತ್ತೆ. ಅದಕ್ಕಿಂತ ಸಾಯೋದು ಮೇಲು."

ಸಾಯುವ ಮಾತು ಬಾಯಿಮಾತಿಗೆ ಬಂದದ್ದು. ಆದರೆ ಹಟ ಅಲ್ಲಿಗೆ ನಿಲ್ಲಲಿಲ್ಲ. ಫೆಬ್ರವರಿಯಲ್ಲಿ ಅವಳು ಸುತ್ತನ್ನು ಹದಿನೈದಕ್ಕೆ ಏರಿಸಿದಳು, ಬೆಳಗಿನ ತಿಂಡಿಯನ್ನು ಅರ್ಧಕ್ಕೆ ಇಳಿಸಿದಳು. ಮಾತ್ರೆಯನ್ನು ಮಾತ್ರ ಮೊದಲಿನಷ್ಟೇ ನುಂಗುತ್ತಿದ್ದಳು. ಡಾಕ್ಟರನ್ನು ಕೇಳಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ.

ಇತ್ತ ಹೊಗೆರಾಯನೂ ಸುಮ್ಮನಿರಲಿಲ್ಲ. ಯಾವ ಯಾವ ತಿನಿಸಿನಲ್ಲಿ ಸಕ್ಕರೆ ಅಡಗಿರುತ್ತದೆಂದು ತಿಳಿದರೆ ಅವಳನ್ನು ಹಿಡಿಯಬಹುದೆಂದು ವಾರ್ಡಿನ ನರ್ಸಮ್ಮನ ಬೆನ್ನುಹತ್ತಿ, ಸಕ್ಕರೆ ಕಾಯಿಲೆಯವರಿಗೆ ಹಂಚುವ ಪುಟ್ಟ ಪುಸ್ತಕ ಇಸಿದುಕೊಂಡು ಬಂದಿದ್ದ. ಬಾಯ್ಲರಿನ ಪಕ್ಕ ಸ್ಟೂಲಿನ ಮೇಲೆ ಕೂತು ಅದನ್ನು ಪರೀಕ್ಷೆಗೆ ಓದುವವನಂತೆ ಗೆರೆ ಎಳೆದು ಓದಿದ. ಸೇದುವ ಚಪಲ ಎದ್ದಾಗಲೆಲ್ಲ ಅದೇ ಅವನ ಕೈಗೆ ಕೆಲಸ.

ಫೆಬ್ರವರಿ ಮುಗಿಯುತ್ತ ಬಂದ ಒಂದು ಮಧ್ಯಾಹ್ನ, ಬಾಯ್ಲರಿನ ನೀರಿನ ಪಂಪು ತಕರಾರು ಮಾಡಿ ಉಗಿ ಇಳಿಯಿತು. ಅವನು ಪಂಪು ಬಿಚ್ಚುತ್ತಾ ಕೊಳವೆಯ ಎರಡು ಏಟಿಗೆ ಕಾಯುತ್ತಿದ್ದ. ಬರಲಿಲ್ಲ. ಐದು ನಿಮಿಷವಾಯಿತು. ಉಗಿ ಕಡಿಮೆಯಾದರೆ ಅರೆ ನಿಮಿಷವೂ ತಡೆಯದ ಹೆಂಗಸು ಐದು ನಿಮಿಷ ಸುಮ್ಮನಿದ್ದಾಳೆಂದರೆ ಎಲ್ಲೋ ಕೂತು ಏನೋ ತಿನ್ನುತ್ತಿದ್ದಾಳೆ ಎಂದುಕೊಂಡು, ಕೈಯ ಎಣ್ಣೆ ಒರೆಸಿಕೊಂಡು, ಹಿಡಿದೇ ಬಿಡುತ್ತೇನೆಂದು ಓಡಿದ.

ಅವಳು ಬಟ್ಟೆಯ ರಾಶಿಗೆ ಒರಗಿದ್ದಳು. ಮುಖದ ತುಂಬ ಬೆವರು, ಕೈ ನಡುಗುತ್ತಿತ್ತು, ಕಣ್ಣು ಅರ್ಧ ತೆರೆದಿತ್ತು. ಉರುಳೆಯ ಮೇಲೆ ಹಾಸಿಗೆ ಬಟ್ಟೆಯೊಂದು ಸೊಟ್ಟಗೆ ಏರಿತ್ತು. ಜೊತೆಯವರೆಲ್ಲ ಊಟಕ್ಕೆ ಹೋಗಿದ್ದರು. ಹದಿನೈದು ಸುತ್ತು ಮುಗಿಸಿದ ಅವಳು ಊಟ ಮಾಡದೆ ನೇರ ಯಂತ್ರಕ್ಕೆ ಬಂದಿದ್ದಳು.

ಅವನು ನಿಂತಲ್ಲೇ ನಿಂತ. ಇದೇ ರಾಶಿ, ಇದೇ ಭಂಗಿ, ಇದೇ ಬೆವರು. ಆಮೇಲೆ ಪುಸ್ತಕದ ಪುಟ ಕಣ್ಣಮುಂದೆ ಬಂತು: ಬೆವರು, ನಡುಕ ಬಂದರೆ ಸಕ್ಕರೆ ತೀರಾ ಇಳಿದಿದೆ, ಕೂಡಲೇ ಸಿಹಿ ಕೊಡಿ. ಯಂತ್ರ ನಿಲ್ಲಿಸಿದ. ಟೀ ಮೇಜಿಗೆ ಹಾರಿ, ಡಬ್ಬದಿಂದ ಸಕ್ಕರೆ ಸುರಿದು, ನೀರಿನಲ್ಲಿ ಕಲಕಿ, ಲೋಟವನ್ನು ಅವಳ ತುಟಿಗೆ ಹಿಡಿದ.

ಸಿಹಿ ತಾಗಿದ್ದೇ ಅವಳು ಹಲ್ಲು ಬಿಗಿಹಿಡಿದಳು. ತಲೆ ಆಚೆ ತಿರುಗಿಸಿದಳು. ನಾಲಿಗೆ ತೊದಲುತ್ತಿತ್ತು. "ಬಂದ್ಯಾ... ಮೋಸಗಾರ. ಸಕ್ಕರೆ ಕುಡ್ಸಿ... ‘ಇಲ್ಲ’ ಅಂತ ಬರೀತೀಯಾ?"

"ಬಾಯಿ ಬಿಡೇ ಮಾರಾಯ್ತಿ! ಸಕ್ಕರೆ ಇಳಿದಿದೆ ನಿಂಗೆ!"

"ಬಿಡಲ್ಲ. ಐವತ್ತು ದಿನ... ನಿನ್ನ ಕೈಯಲ್ಲಿ..."

"ಬರೆಯಲ್ಲ! ಆಣೆ, ಬರೆಯಲ್ಲ! ಕುಡಿ!"

"ನಿನ್ನ ಆಣೆ... ಯಾರಿಗೆ ಬೇಕು."

ಅವನಿಗೆ ಅಳು, ಸಿಟ್ಟು ಒಟ್ಟಿಗೆ ಉಕ್ಕಿತು. ಅವಳ ದವಡೆ ಒತ್ತಿ ಹಿಡಿದು, ಚಮಚೆ ಚಮಚೆಯಾಗಿ ಸಕ್ಕರೆ ನೀರು ಹಾಕಿದ. ಮೊದಲನೆಯದನ್ನು ಅವಳು ಅವನ ಅಂಗಿಯ ಮೇಲೆಯೇ ಉಗಿದಳು. ಎರಡನೆಯದು ಒಳಗೆ ಹೋಯಿತು. ಮೂರನೆಯದನ್ನು ತಾನಾಗಿ ನುಂಗಿದಳು. ಆರನೆಯದರ ಹೊತ್ತಿಗೆ ಅವನ ಕೈಯಿಂದ ಲೋಟ ಕಿತ್ತುಕೊಂಡು ಗಟಗಟ ಕುಡಿದಳು. ಹತ್ತು ನಿಮಿಷದಲ್ಲಿ ನಡುಕ ನಿಂತು ಕಣ್ಣು ತಿಳಿಯಾಯಿತು.

ಅವನು ಅವಳೆದುರು ನೆಲದ ಮೇಲೆ ಕೂತಿದ್ದ.

"ಅವತ್ತೂ ಇದೇನಾ?" ಎಂದು ಕೇಳಿದ.

ಅವಳು ಖಾಲಿ ಲೋಟವನ್ನು ಪಕ್ಕಕ್ಕಿಟ್ಟಳು.

"ಕೇಳ್ತಾ ಇದೀನಿ. ಹನ್ನೊಂದು ವರ್ಷದ ಹಿಂದೆ. ನಿದ್ದೆ ಅಲ್ವಾ ಅದು?"

"ಯಂತ್ರ ಓಡ್ತಾ ಇರುವಾಗ, ಅಷ್ಟು ಸೆಖೆಯಲ್ಲಿ, ನಿಂತ ನಿಲುವಿನಲ್ಲಿ ಯಾರಾದ್ರೂ ನಿದ್ದೆ ಮಾಡ್ತಾರೇನೋ?" ಎಂದಳು ಅವಳು. ದನಿ ಸಣ್ಣದಿತ್ತು, ವಿಷ ಮಾತ್ರ ಕಡಿಮೆಯಿರಲಿಲ್ಲ. "ಮಾತ್ರೆ ಶುರುಮಾಡಿ ನಾಲ್ಕು ದಿನ ಆಗಿತ್ತು."

"ಮತ್ತೆ ಹೇಳ್ಬೇಕಿತ್ತು!"

"ಯಾರಿಗೆ? ಮೂರ್ಛೆ ಬರುತ್ತೆ ಅಂದಿದ್ರೆ ಯಂತ್ರದ ಹತ್ರಾನೂ ಬಿಡ್ತಿರ್ಲಿಲ್ಲ. ಕೊಳೆ ಗಂಟು ಬಿಚ್ಚೋ ಕೋಣೆಗೆ ತಳ್ತಿದ್ರು. ನಿದ್ದೆಯಮ್ಮ ಅನ್ನಿಸ್ಕೊಂಡಾದ್ರೂ ಯಂತ್ರ ಉಳಿಸ್ಕೊಂಡೆ."

"ನೀನು ಹೇಳ್ಲಿಲ್ಲ. ನಂಗೆ ಹೇಗೆ ಗೊತ್ತಾಗ್ಬೇಕು?"

"ನೀನು ಕೇಳ್ಲಿಲ್ಲ. ಎಬ್ಬಿಸಿ ‘ಏನಾಯ್ತಕ್ಕ’ ಅಂತ ಒಂದು ಮಾತು ಕೇಳಿದ್ರೆ ನಿನ್ನ ನಾಲಿಗೆ ಬಿದ್ದುಹೋಗ್ತಿತ್ತಾ? ಅಣ್ಣ ಅಂತಿದ್ದೆ ನಿನ್ನ. ನೆಟ್ಟಗೆ ಆಫೀಸಿಗೆ ಓಡಿದೆ."

ಊಟ ಮುಗಿಸಿ ಬಂದವರು ಬಾಗಿಲಲ್ಲೇ ನಿಂತು ಇಬ್ಬರನ್ನೂ ನೋಡಿದರು. ಹೊಲಿಗೆಯವಳು, "ಅಯ್ಯೋ, ಕೈ ಕೈ ಮಿಲಾಯಿಸಿಬಿಟ್ರಾ?" ಎಂದು ಕೂಗಿದಳು. ಅವನ ಅಂಗಿಯ ಎದೆ ಒದ್ದೆಯಾಗಿತ್ತು.

ಅಂದು ಸಂಜೆಯೊಳಗೆ ಅವನು ಮೇಡಂ ಮುಂದೆ ನಿಂತು, ಹನ್ನೊಂದು ವರ್ಷದ ಹಿಂದೆ ತಾನು ಕೊಟ್ಟ ಹೇಳಿಕೆ ತಪ್ಪೆಂದೂ, ಅವಳು ಮಲಗಿರಲಿಲ್ಲ, ಮೂರ್ಛೆ ಹೋಗಿದ್ದಳೆಂದೂ ಹೇಳಿ, "ಬರ್ಕೊಳ್ಳಿ, ಕೆಳಗೆ ಸಹಿ ಮಾಡ್ತೀನಿ" ಎಂದ. ಮೇಡಂ ಬರೆದುಕೊಂಡರು. ಅವಳನ್ನು ಡಾಕ್ಟರ ಹತ್ತಿರ ಕಳಿಸಿದರು. ಡಾಕ್ಟರು ಬೈದು, ಮಾತ್ರೆ ತಗ್ಗಿಸಿ, ಊಟದ ಹೊತ್ತು ಗೊತ್ತುಮಾಡಿ, ಯಂತ್ರದ ಮುಂದೆ ಒಬ್ಬಳೇ ನಿಲ್ಲಬಾರದು ಎಂದು ಒಂದು ಚೀಟಿ ಬರೆದರು. ಅಷ್ಟೇ. ಹನ್ನೊಂದು ವರ್ಷ ಯಾವ ಚೀಟಿಗೆ ಹೆದರಿ ಬಾಯಿ ಮುಚ್ಚಿಕೊಂಡಿದ್ದಳೋ ಅದು ಅಂಗೈಯಗಲದ ಕಾಗದವಾಗಿತ್ತು. ಒಬ್ಬಳೇ ನಿಲ್ಲಬಾರದೆಂದ ಮೇಲೆ ಜೊತೆಯವರನ್ನು ನೋಡಿಕೊಳ್ಳುವ ಕೆಲಸವೇ ಸರಿ ಎಂದು ಮೇಡಂ ಅವಳನ್ನು ಮತ್ತೆ ಮೇಸ್ತ್ರಿ ಮಾಡಿದರು.

ಎರಡು ದಿನ ರಜೆ ಮುಗಿಸಿ ಬಂದವಳು ಮೊದಲು ಹೋದದ್ದು ಬಾಯ್ಲರ್ ಕೋಣೆಗೆ.

"ಕಾರ್ಡ್ ಕೊಡು. ಕೈ ತೋರ್ಸು."

ಅವನು ಕೈ ಹಿಂದಕ್ಕೆ ಇಟ್ಟುಕೊಂಡ. "ಅವತ್ತು ಸಂಜೆ ಒಂದು ಸೇದಿದೆ," ಎಂದ. "ತಡ್ಕೊಳ್ಳೋಕಾಗ್ಲಿಲ್ಲ."

ಅವಳು ಕಿವಿಯ ಹಿಂದಿನ ಪೆನ್ನು ತೆಗೆದಳು.

"ಜೀವ ಉಳಿಸಿದೀನಿ ನಿಂದು. ಒಂದು ದಿನ ಬಿಟ್ಟುಬಿಡಬಾರ್ದಾ?"

"ಜೀವಕ್ಕೂ ಇದಕ್ಕೂ ಏನು ಸಂಬಂಧ? ನೀನು ಸೇದಿದ್ದು ಹೌದೋ ಅಲ್ವೋ?" ಎಂದು ‘ಇಲ್ಲ’ ಎಂದು ದಪ್ಪ ಅಕ್ಷರದಲ್ಲಿ ಬರೆದಳು. ಆಮೇಲೆ ತನ್ನ ಕಾರ್ಡನ್ನು ಅವನತ್ತ ಎಸೆದಳು. "ನಂದೂ ಬರಿ. ಆಣೆ ಮಾಡಿದೆ ಅಂತ ಸುಳ್ಳು ಬರೀಬೇಡ."

ಅವನು ಬಹಳ ಹೊತ್ತು ಯೋಚಿಸಿ ಬರೆದ: ಆರು ಚಮಚೆ, ಮೇಲೆ ಅರ್ಧ ಲೋಟ. ಸಾಕ್ಷಿಯೇ ಕುಡಿಸಿದ್ದು. ಒಂದು ಚಮಚೆ ಸಾಕ್ಷಿಯ ಮೈಮೇಲೆ ಬಿತ್ತು.

"ನಾನು ಮೇಡಂಗೆ ಹೇಳಿದ್ದು..." ಎಂದು ಅವನು ಶುರುಮಾಡಿದ.

"ಗೊತ್ತು. ಅದಕ್ಕೆ ನಾನೇನು ಕೈ ಮುಗೀಬೇಕಾ? ಹನ್ನೊಂದು ವರ್ಷ ತಿರುಗಿ ಬರುತ್ತಾ?"

"ಬರಲ್ಲ," ಎಂದ ಅವನು. "ಅದನ್ನೇ ಹೇಳೋಕೆ ಹೊರಟಿದ್ದೆ."

ಮಾರ್ಚಿನ ಹೊತ್ತಿಗೆ ಮೇಡಂಗೆ ಸಂಕಲ್ಪದ ಗುಂಗು ಬಿಟ್ಟುಹೋಗಿ, ಹಳದಿ ಕಾರ್ಡು ಬರುವುದು ನಿಂತಿತು. ಯಾರಿಗೂ ಬೇಸರವಾಗಲಿಲ್ಲ. ಇಸ್ತ್ರಿಯಕ್ಕ ಒಂದು ಗೆರೆಯ ನೋಟ್‌ಬುಕ್ ತಂದು ನಡುವೆ ಗೆರೆ ಎಳೆದು, ಎಡಗಡೆ ತನ್ನದು, ಬಲಗಡೆ ಅವನದು ಎಂದು ಮಾಡಿದಳು. ಮೊದಲು ನಿಲ್ಲಿಸಿದವರು ಸೋತ ಹಾಗೆ ಎಂಬುದು ಇಬ್ಬರಿಗೂ ಹೇಳದೆ ಗೊತ್ತಿತ್ತು. ಅವನು ಏಪ್ರಿಲಿನಲ್ಲಿ ಇನ್ನೊಮ್ಮೆ ಜಾರಿದ, ಅವಳು ಎರಡು ಸಲ. ಪ್ರತಿ ಸಲವೂ ಅಂಗಳಕ್ಕೆ ಕೇಳುವಂತೆ ಜಗಳವಾಯಿತು. ಅವಳು ಹನ್ನೆರಡೂವರೆಗೆ ಊಟಕ್ಕೆ ಕೂರದಿದ್ದರೆ ಅವನು ಉಗಿಯನ್ನೇ ನಿಲ್ಲಿಸಿಬಿಡುತ್ತಿದ್ದ. ಮೇಸ್ತ್ರಿಯ ಕೆಲಸಕ್ಕೆ ಅಡ್ಡಿ ಮಾಡುತ್ತಾನೆಂದು ಅವಳು ಮೇಡಂಗೆ ಎರಡು ದೂರು ಬರೆದುಕೊಟ್ಟಳು.

ಜೂನ್‌ನಲ್ಲಿ ರಕ್ತ ಪರೀಕ್ಷೆಯ ಫಲಿತಾಂಶ ಬಂತು. ಹತ್ತು ವರ್ಷದಲ್ಲಿ ಸಕ್ಕರೆ ಅಷ್ಟು ಕಡಿಮೆ ಎಂದೂ ಬಂದಿರಲಿಲ್ಲ. ಕಾಗದ ಓದಿ ಮಗಳು ಅಮ್ಮನನ್ನು ತಬ್ಬಿಕೊಂಡಳು.

"ಅವರಿಗೆ ಹೇಳ್ದ್ಯಾ?"

"ಮುಖದ ಮೇಲೆ ಹಿಡಿದು ತೋರ್ಸಿದೆ."

"ಏನಂದ್ರು?"

"ಇನ್ನೂ ಇಳೀಬೇಕು ಅಂದ. ಕೊಬ್ಬು ನೋಡು."

ಮಗಳು ನಕ್ಕಳು. ಆಮೇಲೆ ಮೆಲ್ಲಗೆ ಕೇಳಿದಳು, "ಅಮ್ಮ, ಈಗಲಾದ್ರೂ ಅವರನ್ನ ಕ್ಷಮಿಸಿದ್ಯಾ?"

"ಇಲ್ಲ," ಎಂದಳು ಇಸ್ತ್ರಿಯಕ್ಕ. ಅದು ನಿಜವೇ ಆಗಿತ್ತು. ಕಾಗದವನ್ನು ನಾಲ್ಕಾಗಿ ಮಡಚಿ ಕಪಾಟಿನಲ್ಲಿಟ್ಟು, ಹಸಿವಾಗಿದ್ದರಿಂದ ಊಟಕ್ಕೆ ಕೂತಳು.